ಜೂನ್ ತಿಂಗಳ ನೆರಳು

"ಗುರುಗಳೇ, ಕಣ್ಣೆದುರಿಗೆ ತೋರಿಸಿದರೂ ಒಪ್ಪದ ಮಕ್ಕಳನ್ನು ಒಪ್ಪಿಸುವುದು ಹೇಗೆ?"

ಕೇಳಿದವನು ಫಕೀರೇಶ. ಮೇಷ್ಟರಾಗುವ ತರಬೇತಿಗೆ ಸೇರಿದ ತರುಣ. ಅಂದು ಬೆಳಿಗ್ಗೆ ಪಕ್ಕದ ಶಾಲೆಯಲ್ಲಿ ಪಾಠ ಮಾಡಲು ಹೋಗಿ, ಮೊಂಡು ಹುಡುಗನೊಬ್ಬನ ಕೈಲಿ ಸಾಕುಸಾಕಾಗಿ ಬಂದಿದ್ದ. ಸಿಟ್ಟು ಇನ್ನೂ ಮುಖದಿಂದ ಇಳಿದಿರಲಿಲ್ಲ.

ಚನ್ನವೀರಯ್ಯನವರು ಆ ತರಬೇತಿ ಕೇಂದ್ರದ ಹಿರಿಯ ಗುರುಗಳು. ಚಹಾದ ಲೋಟ ಕೆಳಗಿಟ್ಟು ನಕ್ಕರು.

"ಒಪ್ಪಿಸುವುದೇನು ಮಹಾ ಕೆಲಸವಲ್ಲ ಬಿಡು. ಒಪ್ಪಿಸಿಯೇ ತೀರಿದವರೊಬ್ಬರಿದ್ದರು. ಅವರ ಕತೆ ಹೇಳುತ್ತೇನೆ, ಕೂತುಕೋ."

ಫಕೀರೇಶ ಕುಳಿತ. ಗುರುಗಳು ಹೇಳತೊಡಗಿದರು.

ಬಯಲುಸೀಮೆಯ ಒಂದು ಊರು. ಊರಿಗೊಂದು ಸರ್ಕಾರಿ ಹೈಸ್ಕೂಲು. ಅಲ್ಲಿ ವಿಜ್ಞಾನ ಕಲಿಸುವ ಒಬ್ಬ ಮೇಷ್ಟರು. ಸೋಮಾರಿಯಲ್ಲ, ಬಾಯಿ ಕೆಟ್ಟವರಲ್ಲ, ಮಕ್ಕಳ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಕೆಟ್ಟ ಮೇಷ್ಟರ ಕತೆ ಹೇಳಿ ನಿನಗೇನಪ್ಪ ಉಪಯೋಗ? ಅದನ್ನು ಕೇಳಿ 'ನಾನು ಹಾಗಿಲ್ಲ' ಅಂದುಕೊಂಡು ಆರಾಮಾಗಿ ಮಲಗುತ್ತೀಯ. ಇದು ಒಳ್ಳೆಯ ಮೇಷ್ಟರ ಕತೆ.

ಈ ಮೇಷ್ಟರಿಗೆ ಪ್ರತಿ ವರ್ಷ ಒಂದೇ ಪಾಠ ತಲೆನೋವು. ಋತುಗಳು ಯಾಕೆ ಆಗುತ್ತವೆ ಎಂಬ ಪಾಠ. ಚೆಂಡು ಹಿಡಿದು ತಿರುಗಿಸಿದರು, ದೀಪ ಹಚ್ಚಿಟ್ಟು ತೋರಿಸಿದರು, ಕಪ್ಪುಹಲಗೆ ತುಂಬ ಚಿತ್ರ ಬರೆದರು. ಮಕ್ಕಳು ಪರೀಕ್ಷೆಯಲ್ಲಿ 'ಭೂಮಿಯ ಅಕ್ಷ ವಾಲಿರುವುದರಿಂದ' ಎಂದು ಸೊಗಸಾಗಿ ಬರೆಯುತ್ತಿದ್ದರು. ಹೊರಗೆ ಸಿಕ್ಕಾಗ "ಬೇಸಿಗೆ ಯಾಕೆ ಬರುತ್ತದೆ?" ಎಂದು ಕೇಳಿದರೆ "ಸೂರ್ಯ ಸನಿಹಕ್ಕ ಬರ್ತಾನ್ರಿ" ಎನ್ನುತ್ತಿದ್ದರು. ಮೇಷ್ಟರಿಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಅಷ್ಟರಲ್ಲಿ ಶಾಲೆಗೆ ಒಂದು ಕಂಪ್ಯೂಟರೂ ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರೂ ಬಂದವು. ಮೇಷ್ಟರು ಎಲ್ಲಿಂದಲೋ ಆಕಾಶ ತೋರಿಸುವ ಸಾಫ್ಟ್‌ವೇರ್ ಹುಡುಕಿ ತಂದು ಹಾಕಿಕೊಂಡರು. ಅಬ್ಬಾ, ಅದೇನು ಸಾಮಾನ್ಯದ್ದೇ! ಭೂಮಿಯನ್ನು ದೂರದಿಂದ ನೋಡಬಹುದು, ವರ್ಷವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಓಡಿಸಬಹುದು. ನೆಲದ ಮೇಲೆ ಒಂದು ಕಂಬ ನೆಟ್ಟು, ಯಾವ ದಿನ ಬೇಕೋ ಆ ದಿನದ ಮಧ್ಯಾಹ್ನ ಅದರ ನೆರಳು ಎಲ್ಲಿ ಬೀಳುತ್ತದೆಂದು ತೋರಿಸಬಹುದು. ಮೇಷ್ಟರು ಊಟ ತಿಂಡಿ ಮರೆತು ಅದರ ಮುಂದೆ ಕೂತರು.

ಶಾಲೆ ಶುರುವಾಗಿ ಜೂನ್ ತಿಂಗಳು ನಡೆಯುತ್ತಿತ್ತು. ಒಂಬತ್ತನೇ ತರಗತಿಯ ಕಿಟಕಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿಸಿ, ಕೋಣೆ ಕತ್ತಲು ಮಾಡಿ, ಮೇಷ್ಟರು ಪಾಠ ತೆಗೆದರು.

"ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಬರೋದು ಯಾವಾಗ?"

"ಬ್ಯಾಸಗ್ಯಾಗ್ರೀ!" ಇಡೀ ತರಗತಿ ಒಂದೇ ಉಸಿರಿಗೆ ಕೂಗಿತು.

ಮೇಷ್ಟರು ಪರದೆಯ ಮೇಲೆ ತಿಂಗಳುಗಳನ್ನು ಓಡಿಸಿದರು. ದೂರ ತೋರಿಸುವ ಅಂಕಿ ಇಳಿಯುತ್ತ ಇಳಿಯುತ್ತ ಬಂದು ಜನವರಿಯಲ್ಲಿ ಎಲ್ಲಕ್ಕಿಂತ ಕೆಳಗೆ ನಿಂತಿತು. ತರಗತಿಗೆ ಸಿಡಿಲು ಬಡಿದಂತಾಯಿತು. ಜನವರಿ ಅಂದರೆ ಹಲ್ಲು ಕಟಕಟ ಅನ್ನುವ ತಿಂಗಳು. ಕೌದಿಯೊಳಗಿಂದ ಏಳಲಾರದ ತಿಂಗಳು. ಸೂರ್ಯ ಹತ್ತಿರ ಬರುವುದು ಆವಾಗಲೇ ಅಂದರೆ ಯಾರು ನಂಬಬೇಕು? "ಮಷಿನ್ ಕೆಟ್ಟೈತ್ರಿ ಸರ" ಎಂದ ಒಬ್ಬ. ಎಲ್ಲರೂ ನಕ್ಕರು. ನಕ್ಕ ಮೇಲೆ ಮತ್ತೆ ಪರದೆ ನೋಡಿದರು, ಆಗ ನಗು ನಿಂತಿತು.

ನಿಜ ಹೇಳಬೇಕೆಂದರೆ ಮೊದಲ ಸಲ ಅದನ್ನು ನೋಡಿದಾಗ ಮೇಷ್ಟರೂ ಹೌಹಾರಿದ್ದರು. ಓದಿದ್ದು ಬೇರೆ, ಹಾಗೆ ಕಣ್ಣ ಮುಂದೆ ತಿರುಗುವುದನ್ನು ನೋಡುವುದೇ ಬೇರೆ.

ಆಮೇಲೆ ಅವರು ಭೂಮಿ ವಾಲಿಕೊಂಡೇ ಸೂರ್ಯನ ಸುತ್ತ ಹೋಗುವುದನ್ನು ತೋರಿಸಿದರು. ಅರ್ಧ ವರ್ಷ ಉತ್ತರದ ಅರ್ಧ ಸೂರ್ಯನ ಕಡೆ ಬಾಗಿರುತ್ತದೆ. ಆಗ ಅಲ್ಲಿ ಬಿಸಿಲು ನೇರ, ಹಗಲು ಉದ್ದ. ಇನ್ನರ್ಧ ವರ್ಷ ಅದೇ ಉತ್ತರದಲ್ಲಿ ಬಿಸಿಲು ಓರೆ, ಹಗಲು ಗಿಡ್ಡ. ನಮಗೆ ಚಳಿಯಿರುವಾಗ ದಕ್ಷಿಣದ ಅರ್ಧದವರು ಬೇಸಿಗೆಯಲ್ಲಿ ಬೇಯುತ್ತಿರುತ್ತಾರೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿದ್ದರು. ಇಷ್ಟು ವರ್ಷದಲ್ಲಿ ಮೇಷ್ಟರಿಗೆ ಮೊದಲ ಸಲ ಆ ಪಾಠ ಕೈಗೆ ದಕ್ಕಿತ್ತು. ಆ ಹುರುಪಿನಲ್ಲಿ ಅವರು ಒಂದು ಮಾತು ಹೇಳಿಬಿಟ್ಟರು.

"ನಿಮ್ಮ ಕಣ್ಣು, ನಿಮ್ಮ ಮೈ ಹೇಳಿದ್ದನ್ನ ನಂಬಬೇಡ್ರಿ. ಅವು ಮೋಸ ಮಾಡ್ತಾವ. ಈ ಮಷಿನ್ ಮಾಡಂಗಿಲ್ಲ."

ಕೊನೆಗೆ ಕಂಬದ ನೆರಳು. ಪರದೆಯಲ್ಲಿ ಡಿಸೆಂಬರ್ ಮಧ್ಯಾಹ್ನ ನೆರಳು ಉತ್ತರಕ್ಕೆ ಉದ್ದವಾಗಿ ಚಾಚಿತ್ತು. ಜೂನ್ ಬಂದಾಗ ಉತ್ತರಕ್ಕೇ ಇತ್ತು, ಗಿಡ್ಡವಾಗಿತ್ತು. ಮೇಷ್ಟರು ಅದರಿಂದ ಪಾಠದ ಸಾರ ತೆಗೆದರು. ನಾವು ಉತ್ತರಾರ್ಧದವರು, ನಮ್ಮ ಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ, ಜೂನ್‌ನಲ್ಲಿ ಸೂರ್ಯ ಎಲ್ಲಕ್ಕಿಂತ ಎತ್ತರಕ್ಕೇರುತ್ತಾನೆ, ಆದ್ದರಿಂದ ಜೂನ್‌ನಲ್ಲಿ ಬೇಸಿಗೆ. ಎಲ್ಲರ ಕೈಲೂ ಗಟ್ಟಿಯಾಗಿ ಹೇಳಿಸಿದರು.

ಎಲ್ಲರೂ ಹೇಳಿದರು. ಒಬ್ಬಳು ಎದ್ದು ನಿಂತಳು.

ಅವಳ ಹೆಸರು ಹುಲಿಗೆಮ್ಮ. ತರಗತಿಯಲ್ಲಿ ಮೇಷ್ಟರಿಗೆ ಅವಳೆಂದರೆ ಪ್ರಾಣ. ಯಾಕೆ ಗೊತ್ತೇ? ಹೆಚ್ಚು ಅಂಕ ತೆಗೆಯುತ್ತಿದ್ದಳು ಅಂತಲ್ಲ. ತೆಗೆಯುತ್ತಲೂ ಇರಲಿಲ್ಲ. ಕೇಳುತ್ತಿದ್ದಳು. ಅರ್ಥವಾಗದ್ದನ್ನು ಅರ್ಥವಾಯಿತು ಅನ್ನುತ್ತಿರಲಿಲ್ಲ. ಈ ಹುಡುಗಿಯ ಪ್ರಶ್ನೆಯೊಂದು ಬತ್ತದಂತೆ ನೋಡಿಕೊಂಡರೆ ನನ್ನ ನೌಕರಿ ಸಾರ್ಥಕ ಎಂದು ಮೇಷ್ಟರು ಜೊತೆಯವರ ಹತ್ತಿರ ಎಷ್ಟೋ ಸಲ ಹೇಳಿದ್ದರು.

"ಸರ, ಜೂನ್‌ನಾಗ ಬ್ಯಾಸಗಿ ಅಂತೀರಿ. ನಮ್ಮ ಬ್ಯಾಸಗಿ ಏಪ್ರಿಲ್, ಮೇದಾಗ ಆಗಿ ಹೋತಲ್ರಿ. ಈಗ ಮಳಿಗಾಲ. ಹಂಗ್ಯಾಕ್ರಿ?"

"ಮೋಡ ಬರ್ತಾವಲ್ಲ, ಅದಕ್ಕ."

"ಅದು ಹೋಗ್ಲಿ ಬಿಡ್ರಿ. ಆದ್ರ ನೆರಳು ಈಗ ಉತ್ತರಕ್ಕ ಬೀಳವಲ್ದ್ರಿ. ದಕ್ಷಿಣಕ್ಕ ಬೀಳತೈತ್ರಿ."

ತರಗತಿ ಗೊಳ್ಳೆಂದಿತು. ಹುಲಿಗೆಮ್ಮ ಕದಲಲಿಲ್ಲ. ಅವಳ ಸಾಕ್ಷಿ ಏನು ಅಂತೀಯ? ಬಿಸಿಯೂಟ. ಶಾಲೆಯ ಕಟ್ಟಡ ಪೂರ್ವ-ಪಶ್ಚಿಮಕ್ಕೆ ಉದ್ದ. ಚಳಿಗಾಲದಲ್ಲಿ ಮಕ್ಕಳು ತಟ್ಟೆ ಹಿಡಿದು ಕಟ್ಟಡದ ಹಿಂದೆ, ಉತ್ತರದ ಗೋಡೆಗೆ ಸಾಲಾಗಿ ಕೂರುತ್ತಿದ್ದರು. ನೆರಳಿರುವುದು ಅಲ್ಲಿ. ಈಗ ಶಾಲೆ ತೆರೆದಾಗಿನಿಂದ ಸಾಲು ಮುಂದೆ ಬಂದು ದಕ್ಷಿಣದ ಗೋಡೆಗೆ ಕೂತಿತ್ತು. ಅಲ್ಲಿ ಕಿರಿದಾದ ಒಂದು ಪಟ್ಟಿ ನೆರಳು. ಬೆನ್ನಿಗೆ ನೆರಳು, ಕಾಲಿಗೆ ಬಿಸಿಲು. ಇದನ್ನು ಯಾರೂ ತೀರ್ಮಾನ ಮಾಡಿದ್ದಲ್ಲ. ಬಿಸಿಲು ತಾಗಿದ ಹಾಗೆ ಮಕ್ಕಳು ಜಾಗ ಬದಲಿಸಿದ್ದರು, ಅಷ್ಟೆ. ಬದಲಿಸಿದ್ದೇವೆ ಎಂದು ಗಮನಿಸಿದವಳು ಅವಳೊಬ್ಬಳು. ಮೇಷ್ಟರು ಊಟ ಮಾಡುವುದು ಒಳಗೆ, ಫ್ಯಾನಿನ ಕೆಳಗೆ. ಅವರಿಗೆ ಎಲ್ಲಿಂದ ಗೊತ್ತಾಗಬೇಕು?

"ಬರ್ರಿ ಸರ, ತೋರಿಸ್ತೀನಿ" ಎಂದಳು.

ಬಾಗಿಲು ದಾಟಿದರೆ ಅಂಗಳ. ಅಂದು ಬಿಸಿಲೂ ಇತ್ತು. ಹೋಗಬಹುದಿತ್ತು. ಅಯ್ಯೋ, ಹೋಗಬೇಕಿತ್ತು! ಆದರೆ ಪರದೆಯ ಮೇಲೆ ಅಷ್ಟು ಚೊಕ್ಕವಾಗಿ ಕಾಣುತ್ತಿರುವಾಗ ಬಿಸಿಲಿಗೆ ಯಾಕೆ ಹೋಗಬೇಕು? ಈಗಷ್ಟೇ ಜನವರಿಯ ವಿಷಯದಲ್ಲಿ ಇಡೀ ತರಗತಿ ತಪ್ಪಾಗಿತ್ತು, ಇದೂ ಅಂಥದ್ದೇ ಎಂದುಕೊಂಡರು ಮೇಷ್ಟರು. "ಗೋಡಿ ಸೊಟ್ಟ ಇರಬೇಕವಾ, ಕೂಡು" ಎಂದು ನಗುತ್ತಲೇ ಹೇಳಿದರು. ಮಕ್ಕಳು ಮತ್ತೆ ನಕ್ಕರು. ಹುಲಿಗೆಮ್ಮ ಕೂತಳು.

ಮುಂದಿನ ತಿಂಗಳು ಜಿಲ್ಲೆಯ ವಿಜ್ಞಾನ ಪ್ರದರ್ಶನ. ಶಾಲೆಯಿಂದ ಇದೇ ಸಾಫ್ಟ್‌ವೇರ್ ಪಾಠ ಹೋಗುವುದೆಂದಾಯಿತು. ಪರದೆಯ ಮುಂದೆ ನಿಂತು ವಿವರಿಸುವವರು ಯಾರು? ಮೇಷ್ಟರು ಹಿಂದೆಮುಂದೆ ನೋಡದೆ ಹುಲಿಗೆಮ್ಮನ ಹೆಸರು ಹೇಳಿದರು. ಇಂಥ ಹುಡುಗಿ ನಮ್ಮಲ್ಲಿದ್ದಾಳೆಂದು ಜಿಲ್ಲೆಯೇ ನೋಡಲಿ ಎಂಬ ಆಸೆ ಅವರಿಗೆ. ಅವಳ ಸಂಭ್ರಮವನ್ನಂತೂ ಕೇಳಬೇಡ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ತಾಲೀಮು ನಡೆಯಿತು.

ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಆ ಒಂದು ವಾಕ್ಯಕ್ಕೆ ಬಂದಾಗ ಮಾತ್ರ ನಿಂತುಬಿಡುತ್ತಿದ್ದಳು. 'ನಮ್ಮ ಮಧ್ಯಾಹ್ನದ ನೆರಳು ವರ್ಷವಿಡೀ...'

"ಹೇಳವಾ."

"ಬಾಯಿಗೆ ಬರವಲ್ದ್ರಿ ಸರ. ಸುಳ್ಳ ಆಗತೈತ್ರಿ."

ಬೇರೆಯವರಾಗಿದ್ದರೆ ಗದರಿಸಿಬಿಡುತ್ತಿದ್ದರು. ಗದರಿಸಿದ್ದರೇ ಚೆನ್ನಾಗಿತ್ತೋ ಏನೋ! ಅವಳು ಒಳಗೊಳಗೇ ಬೈದುಕೊಂಡು ತನ್ನ ಮಾತು ತಾನು ಇಟ್ಟುಕೊಳ್ಳುತ್ತಿದ್ದಳು. ಈ ಮೇಷ್ಟರು ಗದರಿಸುವವರಲ್ಲ. ತಾಳ್ಮೆಯವರು. ಪ್ರತಿ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು, ಜೂನ್ ತಿಂಗಳನ್ನು ಮತ್ತೆ ಮತ್ತೆ ಓಡಿಸಿ, ನೋಡು ನೋಡು ಎಂದು ತೋರಿಸಿದರು. ಅವಳು ನೋಡುತ್ತಿದ್ದಳು, ತಲೆ ಅಲ್ಲಾಡಿಸುತ್ತಿದ್ದಳು. ಒಂದು ಸಂಜೆ ಮೇಷ್ಟರು ಬೇರೆ ದಾರಿ ಹಿಡಿದರು.

"ಜನವರಿ ಪಾಠದಾಗ ಏನಾತು ಹೇಳು. ಎಲ್ಲಾರೂ ಬ್ಯಾಸಗಿ ಅಂದ್ರಿ. ನೀನೂ ಅಂದಿ. ತಪ್ಪಿದ್ದು ಯಾರು?"

"ನಾವ್ರಿ."

"ಈ ಮಷಿನ್ ತಪ್ಪಿತ್ತೇನು?"

"ಇಲ್ರಿ."

"ಹಂಗಾದ್ರ ಈಗ ತಪ್ಪಿದ್ದು ಯಾರು?"

ಹುಲಿಗೆಮ್ಮ ಪರದೆ ನೋಡಿದಳು. ತನ್ನ ಕೈ ನೋಡಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

"ನಾನ್ರಿ."

"ಶಭಾಷ್!" ಎಂದು ಮೇಷ್ಟರು ಬೆನ್ನು ತಟ್ಟಿದರು. ಮನಸಾರೆ ತಟ್ಟಿದರು. ಅಂದಿನಿಂದ ಆ ವಾಕ್ಯ ಅವಳ ಬಾಯಲ್ಲಿ ಎಡವಲಿಲ್ಲ. ತರಗತಿಯಲ್ಲಿ ಅವಳು ಎದ್ದು ನಿಲ್ಲುವುದೂ ಕಡಿಮೆಯಾಯಿತು. ಪ್ರದರ್ಶನದ ತಯಾರಿಯಲ್ಲಿ ಮುಳುಗಿದ್ದಾಳೆ ಎಂದುಕೊಂಡರು ಮೇಷ್ಟರು.

ಪ್ರದರ್ಶನದ ದಿನ ಬಂತು. ಹುಲಿಗೆಮ್ಮ ಎಷ್ಟು ಚೆಂದ ಹೇಳಿದಳೆಂದರೆ, ತೀರ್ಪುಗಾರರು ತಮ್ಮ ಪ್ರಶ್ನೆಗಳನ್ನೇ ಮರೆತು ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ, ಮುಂದೆ ರಾಜ್ಯಮಟ್ಟಕ್ಕೆ ಆಯ್ಕೆ. ಮೇಷ್ಟರ ಕಣ್ಣಲ್ಲಿ ನೀರು ಬಂತು. ಫೋಟೊ ತೆಗೆಸಿಕೊಂಡು, ಜೊತೆಗೆ ಬಂದಿದ್ದ ಟೀಚರು ಮಕ್ಕಳನ್ನೆಲ್ಲ ಬಸ್ಸು ಹತ್ತಿಸಿ ಊರಿಗೆ ಕರೆದುಕೊಂಡು ಹೋದರು. ಸಾಮಾನು ಕಟ್ಟಲು ಮೇಷ್ಟರೊಬ್ಬರೇ ಉಳಿದರು.

ಆಗ ಬೇರೆ ಶಾಲೆಯ ಒಬ್ಬ ಅಧ್ಯಾಪಕಿ ಆ ಮಳಿಗೆಗೆ ಬಂದರು. ಪರದೆಯ ಮೇಲೆ ಕಂಬ, ನೆರಳು ಇನ್ನೂ ಇದ್ದವು. ಆಕೆ ಬಗ್ಗಿ ನೋಡಿದರು.

"ಸರ್, ಇದು ಯಾವ ಊರಿನ ನೆರಳು?"

"ನಮ್ಮೂರದೇ ಮೇಡಂ."

"ಕೆಳಗೆ ಮೂಲೆಯಲ್ಲಿ ಬೇರೆ ಹೆಸರಿದೆಯಲ್ಲ?"

ಮೇಷ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಪರದೆಯ ತಳದ ಮೂಲೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಯಾವುದೋ ಶೀತದೇಶದ ಊರಿನ ಹೆಸರು. ಉಚ್ಚರಿಸಲೂ ಬಾರದ ಹೆಸರು. ಆ ಸಾಫ್ಟ್‌ವೇರ್ ಮಾಡಿದವರು ಅಲ್ಲಿಯವರಿರಬೇಕು, ತೆರೆದ ಕೂಡಲೇ ತಮ್ಮೂರಿನಲ್ಲೇ ಕಂಬ ನೆಡುತ್ತಿತ್ತು ಅದು. ಮೇಷ್ಟರು ಅದರಲ್ಲಿ ದಿನಾಂಕ ಬದಲಿಸಿದ್ದರು, ಭಾಷೆ ಬದಲಿಸಿದ್ದರು, ಅಕ್ಷರದ ಬಣ್ಣ ಕೂಡ ಬದಲಿಸಿದ್ದರು. ಊರನ್ನು ಬದಲಿಸಬೇಕೆಂದು ಹೊಳೆದಿರಲಿಲ್ಲ. ಆಕಾಶ ಎಲ್ಲರದ್ದೂ ಒಂದೇ ಅಲ್ಲವೇ ಎಂದು ಅವರು ಯೋಚಿಸಿದ್ದೂ ಅಲ್ಲ, ಯೋಚನೆಯನ್ನೇ ಮಾಡಿರಲಿಲ್ಲ.

ಮೇಷ್ಟರು ಆ ಹೆಸರು ಅಳಿಸಿ ತಮ್ಮ ತಾಲೂಕಿನ ಹೆಸರು ಬರೆದರು. ಜೂನ್ ತಿಂಗಳು, ನಡು ಮಧ್ಯಾಹ್ನ. ಕಂಬ ಇದ್ದಲ್ಲೇ ಇತ್ತು. ನೆರಳು ಈ ಕಡೆಯಿಂದ ಎದ್ದು ಆ ಕಡೆ ಬಿತ್ತು. ದಕ್ಷಿಣಕ್ಕೆ.

ಮೇಷ್ಟರು ತಿಂಗಳುಗಳನ್ನು ಓಡಿಸಿದರು. ಜನವರಿಯಲ್ಲಿ ನೆರಳು ಉತ್ತರಕ್ಕಿತ್ತು. ಮಾರ್ಚಿನಲ್ಲಿ ಕುಗ್ಗಿತು. ಏಪ್ರಿಲ್ ಕೊನೆಗೆ ಕಂಬದ ಬುಡದಲ್ಲೇ ಮಾಯವಾಯಿತು, ಸೂರ್ಯ ನಟ್ಟನಡು ನೆತ್ತಿಗೆ ಬಂದಿದ್ದ. ಮೇ, ಜೂನ್, ಜುಲೈ ದಕ್ಷಿಣಕ್ಕೇ ಇತ್ತು. ಆಗಸ್ಟಿನಲ್ಲಿ ಮತ್ತೊಮ್ಮೆ ಮಾಯವಾಗಿ ಉತ್ತರಕ್ಕೆ ಮರಳಿತು. ಅಂದರೆ ನಮ್ಮ ಸೀಮೆಯಲ್ಲಿ ಸೂರ್ಯ ನೆತ್ತಿ ಮುಟ್ಟುವುದು ವರ್ಷಕ್ಕೆ ಎರಡು ಸಲ. ಮೊದಲ ಸಲಕ್ಕೆ ಬಿಸಿಲು ನೇರ ಸುರಿದು ಏಪ್ರಿಲ್, ಮೇ ಬೆಂಕಿಯಾಗುತ್ತದೆ. ಎರಡನೆಯ ಸಲಕ್ಕೆ ಮೋಡ ಮಳೆ ಬಂದು ಕಾವು ತಗ್ಗಿರುತ್ತದೆ. ಹುಲಿಗೆಮ್ಮನ ಪ್ರಶ್ನೆಗೆ ಉತ್ತರ ಅದರೊಳಗೇ ಇತ್ತು. ಯಂತ್ರ ಒಂದು ಸುಳ್ಳೂ ಹೇಳಿರಲಿಲ್ಲ. ಸುಳ್ಳು ಹೇಳಿದವರು ಯಾರೆಂದು ಮೇಷ್ಟರಿಗೆ ಗೊತ್ತಾಯಿತು.

ಆದರೆ ನೋಡು, ಮನುಷ್ಯ ದೊಡ್ಡವರು. ದಾರಿಯುದ್ದಕ್ಕೂ ನಾಚಿಕೆ ಕಳೆದು ಸಂತೋಷವೇ ಹೆಚ್ಚಾಯಿತು ಅವರಿಗೆ. ನನ್ನ ಹುಡುಗಿ ಸರಿ, ನಾನು ತಪ್ಪು! ಇಡೀ ತರಗತಿಯ ಮುಂದೆ ಹೇಳಿಬಿಡುತ್ತೇನೆ. ಬಹುಮಾನ ವಾಪಸು ಕೊಟ್ಟರೂ ಸರಿ, ಅವಳ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಹೀಗೆಂದುಕೊಂಡು ಊರು ಸೇರಿದರು.

ಮರುದಿನ ಆಷಾಢದ ಗಾಳಿ ಜೋರಿತ್ತು. ಊಟದ ಹೊತ್ತಿಗೆ ಮೋಡ ಸರಿದು ಬಿಸಿಲು ಚುರ್ರೆಂದಿತು. ಮೇಷ್ಟರು ಮೊದಲ ಸಲ ಫ್ಯಾನು ಬಿಟ್ಟು ಹೊರಗೆ ಬಂದರು. ದಕ್ಷಿಣದ ಗೋಡೆಗೆ ಮಕ್ಕಳು ಸಾಲಾಗಿ ಕೂತಿದ್ದರು. ಬೆನ್ನು ನೆರಳಲ್ಲಿ, ಕಾಲು ಬಿಸಿಲಲ್ಲಿ. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮೇಷ್ಟರು ಹುಲಿಗೆಮ್ಮನನ್ನು ಧ್ವಜದ ಕಂಬದ ಹತ್ತಿರ ಕರೆದರು.

"ಹುಲಿಗೆಮ್ಮ, ಈ ಕಂಬದ ನೆರಳು ಯಾವ ಕಡೆ ಬಿದ್ದೈತಿ?"

"ಉತ್ತರಕ್ಕ್ರಿ ಸರ." ಕಂಬದ ಕಡೆ ನೋಡಲೇ ಇಲ್ಲ ಅವಳು.

"ಕೆಳಗ ನೋಡಿ ಹೇಳವಾ."

ನೋಡಿದಳು. ನೆರಳು ಅವಳ ಕಾಲಿನ ಮೇಲೇ ಬಿದ್ದಿತ್ತು. ಎದುರಿಗೆ ಶಾಲೆ, ಬೆನ್ನ ಹಿಂದೆ ಊರಿನ ದಕ್ಷಿಣದ ಗುಡ್ಡ.

"ಉತ್ತರಕ್ಕ್ರಿ."

ಮೇಷ್ಟರಿಗೆ ತಮಾಷೆ ಅನ್ನಿಸಿತು. ಅವಳ ಮುಖ ನೋಡಿದರೆ ತಮಾಷೆ ಇರಲಿಲ್ಲ.

"ಆ ಗುಡ್ಡ ಯಾವ ದಿಕ್ಕಿಗೈತಿ?"

"ದಕ್ಷಿಣಕ್ಕ್ರಿ."

"ನೆರಳು ಯಾವ ಕಡೆ ಚಾಚೇತಿ? ಗುಡ್ಡದ ಕಡೆನೋ, ಶಾಲಿ ಕಡೆನೋ?"

ಹುಲಿಗೆಮ್ಮ ಗುಡ್ಡ ನೋಡಿದಳು, ನೆರಳು ನೋಡಿದಳು, ಕೊನೆಗೆ ಮೇಷ್ಟರ ಮುಖ ನೋಡಿದಳು. ಅವರಿಗೆ ಏನು ಬೇಕಾಗಿದೆ ಎಂದು ಅಲ್ಲಿ ಹುಡುಕಿದಳು.

"ಸರ, ನಾ ಈಗ ತಪ್ಪಂಗಿಲ್ರಿ. ಎಷ್ಟ ಸರ್ತಿ ಕೇಳಿದ್ರೂ ಉತ್ತರಕ್ಕ ಅಂತೀನ್ರಿ. ರಾಜ್ಯಮಟ್ಟಕ್ಕ ನನ್ನ ಕರಕೊಂಡು ಹೋಗ್ರಿ ಸರ."

ಮೇಷ್ಟರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಇದು ಪರೀಕ್ಷೆ ಅಲ್ಲವಾ. ತಪ್ಪಿದ್ದು ನಾನು. ಅವತ್ತು ನೀ ನೋಡಿದ್ದ ಖರೆ. ನಿನ್ನ ಕಣ್ಣ ಖರೆ. ನೆರಳು ದಕ್ಷಿಣಕ್ಕೇ ಐತಿ, ನೋಡು!"

ಹುಲಿಗೆಮ್ಮ ಹೆದರಿ ಹಿಂದೆ ಸರಿದಳು. ಮೇಷ್ಟರು ಹಾಗೆ ಕುಳಿತು ಮಾತಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ಇಲ್ರಿ ಸರ. ಅವತ್ತು ನಾ ತಪ್ಪ ನೋಡಿದ್ದೆ. ಇನ್ನ ಮ್ಯಾಲ ಹಂಗ ನೋಡಂಗಿಲ್ರಿ."

ಹಾಗೆಂದು ಕೈ ಮುಗಿದು, ಹಿಂದಿರುಗಿ ಹೋಗಿ, ದಕ್ಷಿಣದ ಗೋಡೆಯ ನೆರಳಲ್ಲಿ ತನ್ನ ಜಾಗಕ್ಕೆ ಕೂತು, ತಟ್ಟೆ ಎಳೆದುಕೊಂಡು ಉಣ್ಣತೊಡಗಿದಳು.

ಚನ್ನವೀರಯ್ಯನವರು ಕತೆ ನಿಲ್ಲಿಸಿ ಲೋಟ ಎತ್ತಿಕೊಂಡರು. ಫಕೀರೇಶನ ಬೆಳಗಿನ ಸಿಟ್ಟು ಎಲ್ಲಿ ಹೋಯಿತೋ.

"ಆಮೇಲೆ ಮೇಷ್ಟರು ಏನು ಮಾಡಿದರು ಗುರುಗಳೇ?"

"ಮಾಡುವುದಕ್ಕೇನು ಉಳಿದಿತ್ತಪ್ಪ, ಪಾಠ ಅವಳ ತಲೆಗೆ ಚೆನ್ನಾಗಿ ಹತ್ತಿತ್ತಲ್ಲ."